ಮಡಕೆ ಬೆನ್ನಿನ ಮೇಲೆ ತೊಡದೇವು

ಕಬ್ಬಿನ ಹಾಲು ನಮಗಾಗಿ ಕಾದು ಕೂರುವುದಿಲ್ಲ, ಬೇಗ ಹುಳಿಯಾಗುತ್ತದೆ. ಅದಕ್ಕೇ ಈ ಸಲ ಕಬ್ಬು ಅರೆಯುವ ಆಲೆಮನೆಗೆ ಹೊರಡುವ ಮೊದಲೇ 2 ಲೋಟ ದೋಸೆ ಅಕ್ಕಿ ತೊಳೆದು ನೆನೆಹಾಕಿಟ್ಟೆ. ಮಧ್ಯಾಹ್ನ ಹಾಲಿನ ಕ್ಯಾನು ಹಿಡಿದು ಬರುವಷ್ಟರಲ್ಲಿ ಅಕ್ಕಿ ಉಗುರಿಗೆ ಮುರಿಯುವಷ್ಟು ಮೆತ್ತಗಾಗಿತ್ತು.

ಶಿರಸಿ ಕಡೆಯವರಿಗೆ ತೊಡದೇವು ಹೊಸದೇನಲ್ಲ. ತೊಡೆಯುವುದು ಅಂದರೆ ಬಳಿಯುವುದು. ಮಗುಚಿ ಇಟ್ಟ ಮಡಕೆಯ ಬೆನ್ನಿಗೆ ಹಿಟ್ಟು ಬಳಿದು, ಕಾಗದದಷ್ಟು ತೆಳ್ಳಗೆ ಎಬ್ಬಿಸುವ ಸಿಹಿ ದೋಸೆ ಇದು. ತಿಂದವರು ಬಹಳ ಜನ. ಮನೆಯಲ್ಲಿ ಮಾಡುವವರು ಈಗ ಕಡಿಮೆ, ಅಂಗಡಿ ಪ್ಯಾಕೆಟ್ಟೇ ಜಾಸ್ತಿ. ನನಗೆ ಅದು ಬೇಜಾರು. ಹಾಗಾಗಿ ಕಲಿಯಲೇಬೇಕು ಅಂತ ಕೂತೆ.

ಹೋದ ವರ್ಷ ಗ್ಯಾಸ್ ಮೇಲೆ ಕಬ್ಬಿಣದ ಬಾಣಲೆ ಮಗುಚಿ ಹಾಕಿ ನೋಡಿದ್ದೆ. ನೆತ್ತಿ ಕರಕಲಾಯಿತು, ಬದಿ ಹಸಿಯಾಗಿಯೇ ಉಳಿಯಿತು. ಬೆಂಕಿ ಒಂದೇ ಕಡೆ ತಾಗಿದರೆ ಹಾಗೇ ಆಗುವುದು. ಮಣ್ಣು ಕಾಯುವುದು ನಿಧಾನ, ಆದರೆ ಕಾದ ಮೇಲೆ ಕಾವನ್ನು ಹಿಡಿದಿಟ್ಟುಕೊಳ್ಳುತ್ತದೆ. ಮಾರಿಕಾಂಬಾ ಜಾತ್ರೆಯಲ್ಲಿ ದುಂಡನೆಯ ಒಂದು ಮಡಕೆ ತಂದೆ. ಒಂದು ರಾತ್ರಿ ನೀರಲ್ಲಿ ಮುಳುಗಿಸಿ, ಪೂರ್ತಿ ಒಣಗಿಸಿ, ಸಣ್ಣ ಬೆಂಕಿಯಲ್ಲಿ ಕಾಯಿಸುತ್ತಾ ಬೆನ್ನಿಗೆ ಶೇಂಗಾ ಎಣ್ಣೆ ಸವರಿದೆ. ನಾಲ್ಕು ದಿನ ಇದೇ ಕೆಲಸ. ಬೆನ್ನು ಕಪ್ಪಾಗಿ ನುಣ್ಣಗಾಯಿತು.

ಅಕ್ಕಿಯನ್ನು ನೀರು ಹಾಕದೆ ಕಬ್ಬಿನ ಹಾಲಲ್ಲೇ ರುಬ್ಬಿದೆ. ಬೆರಳ ನಡುವೆ ತಿಕ್ಕಿದರೆ ಒಂದು ತರಿಯೂ ಸಿಗಬಾರದು. ತರಿ ಇದ್ದರೆ ಬಳಿದಲ್ಲಿ ಗೀರು ಬೀಳುತ್ತದೆ, ಹಾಳೆ ಅಲ್ಲೇ ಹರಿಯುತ್ತದೆ. ಚಿಟಿಕೆ ಉಪ್ಪು, ಚಿಟಿಕೆ ಅರಿಶಿನ, ಏಲಕ್ಕಿ ಪುಡಿ. ಆಮೇಲೆ ಮತ್ತೆ ಹಾಲು ಸೇರಿಸಿ ನೀರು ಮಜ್ಜಿಗೆಯಷ್ಟು ತೆಳು ಮಾಡಿದೆ. ಕಬ್ಬಿನ ಹಾಲು ಸಿಗದಿದ್ದರೆ ಬೆಲ್ಲದ ನೀರೂ ನಡೆಯುತ್ತದೆ. ಆದರೆ ಸಿಹಿ ಹೆಚ್ಚಾದರೆ ಹಿಟ್ಟು ಮಡಕೆಗೆ ಕಚ್ಚಿಕೊಳ್ಳುತ್ತದೆ.

ಒಲೆ ಅಂಗಳದಲ್ಲಿ ಹೂಡಿದ್ದೆ. ಗೇಣುದ್ದದ ಕೋಲಿಗೆ ಹಳೇ ಪಂಚೆಯ ತುಂಡು ಕಟ್ಟಿ, ಬಾವುಟದ ಹಾಗೆ ಇಳಿಬಿಟ್ಟು, ಹಿಟ್ಟಲ್ಲಿ ಅದ್ದಿ ಎಳೆದೆ. ಚುರ್ ಅಂತ ದೊಡ್ಡ ಸದ್ದು, ತೂತು ತೂತು. ಎರಡನೆಯದೂ ಹಾಗೇ. ನಾಲ್ಕನೆಯದು ಪುಡಿಪುಡಿಯಾಗಿ ಉದುರಿತು. ಪಕ್ಕದಲ್ಲಿ ಕೂತಿದ್ದ ದೊಡ್ಡಾಯಿ (ದೊಡ್ಡಮ್ಮ) ಹೇಳಿದಳು, “ಗಡಿಬಿಡಿ ಮಾಡಡ ಕೂಸೇ. ಬೆಂಕಿ ಎಳಿ.”

ಎರಡು ಕೊಳ್ಳಿ ಹೊರಗೆಳೆದೆ. ಎಣ್ಣೆ ಬಟ್ಟೆಯಲ್ಲಿ ಮಡಕೆ ಒರೆಸಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ಮತ್ತೆ ಬಟ್ಟೆ ಅದ್ದಿ, ಈ ಬದಿಯಿಂದ ಆ ಬದಿಗೆ ಒಂದೇ ಎಳೆತ. ಈ ಸಲ ಸದ್ದು ಸಣ್ಣದು, ಎಲೆಯ ಮೇಲೆ ಜಿಟಿಜಿಟಿ ಮಳೆ ಬಿದ್ದ ಹಾಗೆ. ತೆಳು ಹಳದಿ ಹಿಟ್ಟು ಕಣ್ಣೆದುರೇ ಗಾಢ ಹಳದಿಯಾಯಿತು, ಅಂಚು ತಾನಾಗಿ ಎದ್ದಿತು. ಹಾಳೆಯ ಆಚೆ ಮಡಕೆಯ ಕಪ್ಪು ಕಾಣುತ್ತಿತ್ತು! ಸಕ್ಕರೆ ಪುಡಿ ಉದುರಿಸಿ, ಮಡಕೆಯ ಮೇಲೆಯೇ ಮಡಚಿ, ತ್ರಿಕೋನ ಮಾಡಿ ತೆಗೆದೆ.

ಮಡಚುವುದಕ್ಕೆ ಸಿಗುವುದು ನಾಲ್ಕೈದು ಸೆಕೆಂಡು ಅಷ್ಟೇ. ಬಿಸಿ ಇರುವಾಗ ಬಟ್ಟೆಯ ಹಾಗೆ ಬಳುಕುತ್ತದೆ. ತಣಿದರೆ ಒಳಗಿನ ಸಿಹಿ ಗಟ್ಟಿಯಾಗಿ ಗರಿಗರಿ ಆಗುತ್ತದೆ. ಆಗ ಮಡಚಲು ಹೋದರೆ ಚೂರು. ಸಕ್ಕರೆ ಪುಡಿ ಬಟ್ಟಲು ಎಡಗೈ ಹತ್ತಿರವೇ ಇರಲಿ, ಎದ್ದು ಹೋಗಿ ತರುವಷ್ಟು ಸಮಯ ಇರುವುದಿಲ್ಲ. ಪ್ರತಿ ಸಲ ಅದ್ದುವ ಮೊದಲು ಹಿಟ್ಟು ತಳದಿಂದ ಕಲಕಬೇಕು. ಅಕ್ಕಿ ಕೆಳಗೆ ಕೂರುತ್ತದೆ, ಮೇಲೆ ಬರೀ ಸಿಹಿನೀರು ಉಳಿಯುತ್ತದೆ. ಇದನ್ನು ಮರೆತು ನಡುವೆ ಮೂರು ಹಾಳಾದವು.

ಒಟ್ಟು 50ರ ಹತ್ತಿರ ಆದವು. ಪೂರ್ತಿ ತಣಿದ ಮೇಲೆ ಸ್ಟೀಲ್ ಡಬ್ಬಿಗೆ ಹಾಕಿ ಬಿಗಿಯಾಗಿ ಮುಚ್ಚಿದೆ. ಗಾಳಿ ತಾಗಿದರೆ ಮೆತ್ತಗಾಗುತ್ತವೆ. ದೊಡ್ಡಾಯಿಗೆ ಹಲ್ಲಿಲ್ಲ. ಬಟ್ಟಲಲ್ಲಿ ಎರಡು ಮುರಿದು ಹಾಕಿ, ಬಿಸಿ ಹಾಲು, ಒಂದು ಚಮಚ ತುಪ್ಪ ಹಾಕಿ ಕೊಟ್ಟೆ. ಪೂರ್ತಿ ತಿಂದಳು.

ಎಲ್ಲಕ್ಕಿಂತ ಚೆನ್ನಾಗಿ ಬಂದದ್ದು ಕೊನೆಯ ಆರು. ಅಷ್ಟರಲ್ಲಿ ಕಟ್ಟಿಗೆ ಮುಗಿದು ಒಲೆಯಲ್ಲಿ ಬರೀ ಕೆಂಡ ಇತ್ತು. ಮುಂದಿನ ಸಲ ಕೆಂಡ ಆಗುವವರೆಗೆ ಕಾದೇ ಮೊದಲನೆಯದನ್ನು ಬಳಿಯುತ್ತೇನೆ.