ಬೆಳಕಿರುವಾಗಲೇ ಎಲೆ ಹಾಕಿ

ಜೈನರು ಊಟಕ್ಕೆ ಬರ್ತಾರೆ, ಏನು ಅಡುಗೆ ಮಾಡಲಿ ಅಂತ ನಮ್ಮ ಮೈಸೂರಿನ ಬೀದಿಯಲ್ಲಿ ಎಷ್ಟೋ ಹೆಣ್ಣುಮಕ್ಕಳು ನನ್ನನ್ನು ಕೇಳಿದ್ದಾರೆ. ಅಡುಗೆ ಇರಲಿ, ಮೊದಲು ಹೊತ್ತು ನೋಡಿ. ಸೂರ್ಯ ಮುಳುಗುವುದರೊಳಗೆ ಊಟ ಮುಗಿಯಬೇಕು. ಒಮ್ಮೆ ಪರಿಚಯದವರ ಮನೆಯಲ್ಲಿ ಹೋಳಿಗೆ, ಕೋಸಂಬರಿ ಎಲ್ಲ ಮಾಡಿ ಏಳೂವರೆಗೆ ಎಲೆ ಹಾಕಿದರು. ನಾನೂ ಜೈನಳೇ, ಉಣ್ಣದೆ ಸುಮ್ನೆ ಕೂತು ಮಾತಾಡಿ ಎದ್ದು ಬಂದೆ. ಆ ತಾಯಿಯ ಮುಖ ನೋಡಿ ನನಗೆ ಸಂಕಟವಾಯಿತು. ಅದಕ್ಕೇ ಈಗ ಮೊದಲೇ ಹೇಳಿಬಿಡುತ್ತೇನೆ.

ದೀಪ ಹಚ್ಚಿದರೆ ಹುಳ ಬರುತ್ತವೆ, ಅನ್ನಕ್ಕೆ ಬಿದ್ದರೂ ಕಾಣುವುದಿಲ್ಲ. ನಮ್ಮಿಂದ ಒಂದು ಜೀವ ಹೋಗಬಾರದು, ಅಲ್ವಾ? ನಮ್ಮ ಐದು ವ್ರತಗಳಲ್ಲಿ ಅಹಿಂಸೆಯೇ ಮೊದಲನೆಯದು. ಸತ್ಯ, ಕದಿಯದಿರುವುದು, ಬ್ರಹ್ಮಚರ್ಯ, ಜಾಸ್ತಿ ಕೂಡಿಡದಿರುವುದು ಆಮೇಲೆ ಬರುತ್ತವೆ.

ಆಲೂಗಡ್ಡೆ, ಮೂಲಂಗಿ, ಕ್ಯಾರೆಟ್, ಈರುಳ್ಳಿ, ಬೆಳ್ಳುಳ್ಳಿ ಬೇಡ. ಒಂದು ಗೆಡ್ಡೆಯೊಳಗೆ ಲೆಕ್ಕವಿಲ್ಲದಷ್ಟು ಜೀವ ಇವೆ ಅಂತ ನಮ್ಮ ನಂಬಿಕೆ. ಸಾಗು ಮಾಡುವುದಾದರೆ ಬಾಳೆಕಾಯಿ ಹಾಕಿ, ಆಲೂಗಡ್ಡೆ ನೆನಪಾಗಲ್ಲ. ಸಾರಿಗೆ ಇಂಗು, ಮೆಣಸು, ಜೀರಿಗೆ ಧಾರಾಳ ಸಾಕು. ಹಸಿಶುಂಠಿ ಬದಲು ಒಣಶುಂಠಿ. ಜೇನುತುಪ್ಪವೂ ಬೇಡ.

ನೀರಿನ ವಿಷಯ ಮಾತ್ರ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನನ್ನ ತವರು ನಾಗಮಂಗಲದ ಕಡೆ, ಕಂಬದಹಳ್ಳಿ ಬಸದಿಗೆ ಹತ್ತಿರ. ಅಮ್ಮ ಬಾವಿಯಿಂದ ನೀರು ಸೇದಿ, ದಪ್ಪ ಹತ್ತಿ ಬಟ್ಟೆ ಎರಡು ಮಡಿಕೆ ಮಾಡಿ ಬಿಂದಿಗೆ ಬಾಯಿಗೆ ಹಾಕುತ್ತಿದ್ದರು. ನಡುವೆ ಬೆರಳಲ್ಲಿ ತಗ್ಗು ಮಾಡಿ ಸಣ್ಣಗೆ ಹುಯ್ಯುತ್ತಿದ್ದರು. ಆಮೇಲೆ ಬಟ್ಟೆ ಹಿಂಡುತ್ತಿರಲಿಲ್ಲ. ಹಿಂಡಿದರೆ ಅದರಲ್ಲಿರುವ ಜೀವ ಸಾಯುತ್ತವೆ. ಬಟ್ಟೆ ಮಗುಚಿ ಹಿಡಿದು, ಸೋಸಿದ ನೀರನ್ನೇ ಮೇಲೆ ಹುಯ್ದು ತೊಳೆದು, ಆ ನೀರನ್ನು ಕೊಡದಲ್ಲಿ ಮೆಲ್ಲಗೆ ಬಾವಿಗೇ ಇಳಿಸುತ್ತಿದ್ದರು. ಎತ್ತರದಿಂದ ಸುರಿಯುತ್ತಿರಲಿಲ್ಲ. ಸೋಸಿದ ನೀರಿನ ಲೆಕ್ಕ 48 ನಿಮಿಷ, ಆಮೇಲೆ ಮತ್ತೆ ಸೋಸಬೇಕು. ಹಾಗಾಗಿ ನೆಂಟರು ಬಂದ ಮೇಲೆ ಅವರ ಎದುರೇ ಸೋಸಿ, ಕುದಿಸಿ ಕೊಡಿ. ಅವರಿಗೆ ತುಂಬಾ ಸಮಾಧಾನ.

ಗಣೇಶ ಚೌತಿಯ ಮಾರನೇ ದಿನದಿಂದ ಹತ್ತು ದಿನ ದಶಲಕ್ಷಣ ಪರ್ವ, ನಮ್ಮ ವ್ರತದ ಹಬ್ಬ. ಆಗ ಊಟಕ್ಕೆ ಕರೆಯಬೇಡಿ. ಎಷ್ಟೋ ಜನ ಉಪವಾಸ ಇರುತ್ತಾರೆ, ಇಲ್ಲ ಒಂದೇ ಹೊತ್ತು ಉಣ್ಣುತ್ತಾರೆ. ಪರ್ವ ಮುಗಿದ ಮೇಲೆ ಪಕ್ಕದ ಮನೆಯವರು ಬಂದು ಕೈಮುಗಿದು ಕ್ಷಮೆ ಕೇಳಿದರೆ ಗಾಬರಿಯಾಗಬೇಡಿ. ವರ್ಷದಲ್ಲಿ ಗೊತ್ತಿದ್ದೋ ಗೊತ್ತಿಲ್ಲದೆಯೋ ನಿಮಗೆ ನೋವು ಮಾಡಿದ್ದರೆ ಮನ್ನಿಸಿ ಅಂತಾರೆ. ನೀವೂ ಕೈಮುಗಿದು ಅದೇ ಮಾತು ಹೇಳಿ, ಒಳಗೆ ಕರೆದು ಕೂರಿಸಿ.