ಮಳೆಗಾಲದಲ್ಲಿ ಮನೆಯೊಳಗೆ ಬೂಷ್ಟು ಹಿಡಿಯದಂತೆ ನೋಡಿಕೊಳ್ಳುವುದು ಹೇಗೆ

ಪುನರ್ವಸು, ಪುಷ್ಯ ಮಳೆ ಹಿಡಿಯಿತೆಂದರೆ ಮಲೆನಾಡಿನಲ್ಲಿ, ಕರಾವಳಿಯಲ್ಲಿ ಬೂಷ್ಟು ಹಿಡಿಯದ ವಸ್ತು ಹುಡುಕುವುದೇ ಕಷ್ಟ. ಬೆಲ್ಟು, ಚಪ್ಪಲಿ, ಮದುವೆ ಆಲ್ಬಮ್, ಬೀರುವಿನೊಳಗಿನ ರೇಷ್ಮೆ ಸೀರೆ ಯಾವುದನ್ನೂ ಬಿಡುವುದಿಲ್ಲ. ಎಲ್ಲರೂ ಹೇಳುವುದು ಒಂದೇ ಮಾತು: ಕಿಟಕಿ ತೆಗೆದಿಡಿ, ಗಾಳಿಯಾಡಲಿ. ಜುಲೈ ತಿಂಗಳಿಗೆ ಈ ಮಾತು ಅರ್ಧ ಮಾತ್ರ ಸರಿ. ಹೊರಗಿನ ಗಾಳಿಯ ತೇವಾಂಶವೇ ಶೇ. 90 ದಾಟಿರುವಾಗ ಅದನ್ನು ದಿನವಿಡೀ ಒಳಗೆ ಬಿಟ್ಟುಕೊಂಡರೆ ಏನು ಒಣಗುತ್ತದೆ ಹೇಳಿ.

ಮೊದಲು ಅಳೆಯಿರಿ. ಗಾಳಿಯ ತೇವಾಂಶ ಶೇಕಡಾ ಎಷ್ಟೆಂದು ತೋರಿಸುವ ಹೈಗ್ರೋಮೀಟರ್ ಅಂತ ಒಂದು ಪುಟ್ಟ ಮೀಟರ್ ಸಿಗುತ್ತದೆ, ಕೆಲವು ನೂರು ರೂಪಾಯಿ. ಅಗ್ಗದ ಮೀಟರ್ ತಪ್ಪು ತೋರಿಸಬಹುದು, ಹಾಗಾಗಿ ಪರೀಕ್ಷೆ ಮಾಡಿಕೊಳ್ಳಿ. ಬಾಟಲಿ ಮುಚ್ಚಳದಲ್ಲಿ ಪುಡಿ ಉಪ್ಪು ಹಾಕಿ, ಕೆಲವೇ ಹನಿ ನೀರು ಬಿಟ್ಟು ಕಲಸಿ. ಉಪ್ಪು ಕರಗಬಾರದು, ಒದ್ದೆಯಾದರೆ ಸಾಕು. ಅದನ್ನೂ ಮೀಟರನ್ನೂ ಗಾಳಿಯಾಡದ ಡಬ್ಬಿಯಲ್ಲಿಟ್ಟು ರಾತ್ರಿಯಿಡೀ ಬಿಡಿ. ಬೆಳಿಗ್ಗೆ 75 ತೋರಿಸಬೇಕು. 70 ತೋರಿಸಿದರೆ ನಿಮ್ಮ ಮೀಟರ್ 5 ಕಡಿಮೆ ಹೇಳುತ್ತಿದೆ ಎಂದರ್ಥ. ಮನೆಯೊಳಗೆ 60ರ ಕೆಳಗಿದ್ದರೆ ನಿಶ್ಚಿಂತೆ. 70 ದಾಟಿ ದಿನಗಟ್ಟಲೆ ಅಲ್ಲೇ ನಿಂತರೆ ಬೂಷ್ಟು ಬರುತ್ತದೆ.

ಇನ್ನು ಒಳಗೆ ನಾವೇ ಬಿಡುವ ನೀರು. ಕೋಣೆಯೊಳಗೆ ಹಗ್ಗ ಕಟ್ಟಿ ಒದ್ದೆ ಬಟ್ಟೆ ಹರವುವುದು ದೊಡ್ಡ ತಪ್ಪು, ಅದರ ನೀರೆಲ್ಲ ಅದೇ ಕೋಣೆಯ ಗಾಳಿಗೆ ಸೇರುತ್ತದೆ. ಜಗಲಿ, ಕಾರ್ ಶೆಡ್ಡು, ಏನೂ ಇಲ್ಲದಿದ್ದರೆ ಬಾಗಿಲು ಹಾಕಿ ಎಕ್ಸಾಸ್ಟ್ ಫ್ಯಾನ್ ಓಡಿಸಿದ ಬಚ್ಚಲು, ಅಲ್ಲಿ ಒಣಗಿಸಿ. ಗ್ಯಾಸ್ ಉರಿದಾಗಲೂ ನೀರಿನ ಆವಿ ಬರುತ್ತದೆ, ಗೊತ್ತಾ? 1 ಕೆ.ಜಿ. ಗ್ಯಾಸಿಗೆ ಸುಮಾರು 1.6 ಲೀಟರ್ ನೀರು, ಅಂದರೆ 14.2 ಕೆ.ಜಿ.ಯ ಒಂದು ಸಿಲಿಂಡರಿನಿಂದ 20 ಲೀಟರಿಗೂ ಜಾಸ್ತಿ. ಅನ್ನ ಬೇಯುವ ಹಬೆ ಬೇರೆ. ಹಾಗಾಗಿ ಅಡುಗೆ ಮಾಡುವಾಗ, ಸ್ನಾನ ಮುಗಿದು ಅರ್ಧ ಗಂಟೆಯವರೆಗೆ ಫ್ಯಾನ್ ಓಡಲಿ, ಆ ಹೊತ್ತಿನಲ್ಲಿ ಕಿಟಕಿ ತೆಗೆಯುವುದೂ ಸರಿಯೇ. ನೆಲ ಬೆವರುತ್ತಿರುವ ದಿನ ಮಾತ್ರ ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಗುಡಿಸಿದರೆ ಸಾಕು.

ಹಳೆ ಮನೆಗಳಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟದ್ದು ಕೆಡುತ್ತಿರಲಿಲ್ಲ ಅಲ್ವಾ, ಅದಕ್ಕೆ ಕಾರಣ ಹೊಗೆ ಮಾತ್ರ ಅಲ್ಲ, ಬಿಸಿ. 22 ಡಿಗ್ರಿಯಲ್ಲಿ ಶೇ. 90 ತೇವಾಂಶವಿರುವ ಗಾಳಿಯನ್ನು ಸುಮ್ನೆ 27 ಡಿಗ್ರಿಗೆ ಬಿಸಿ ಮಾಡಿದರೆ, ಒಂದು ಹನಿ ನೀರೂ ಹೊರಗೆ ಹೋಗದೆ ಅದು 67ರ ಹತ್ತಿರಕ್ಕೆ ಇಳಿಯುತ್ತದೆ. ಹಿಂದೆ ಕಪಾಟಿನೊಳಗೆ ಬಲ್ಬು ಉರಿಸುತ್ತಿದ್ದುದು ಇದಕ್ಕೇ. ಎಲ್‌ಇಡಿ ಬಲ್ಬಿಗೆ ಅಷ್ಟು ಶಾಖವಿಲ್ಲ, ಅದನ್ನು ನಂಬಬೇಡಿ. ಹಳೆ ಬಲ್ಬನ್ನು ಬಟ್ಟೆಯ ಹತ್ತಿರ ಇಡಬೇಡಿ, ಬೆಂಕಿ ಹತ್ತಿಕೊಳ್ಳುತ್ತದೆ. ಬೀರುವನ್ನು ಗೋಡೆಗೆ ತಾಗಿಸದೆ ನಾಲ್ಕು ಬೆರಳು ಈಚೆ ಇಡಿ. ರೇಷ್ಮೆ ಸೀರೆ, ಸರ್ಟಿಫಿಕೇಟು, ಕ್ಯಾಮೆರಾ ಇವನ್ನೆಲ್ಲ ಮೇ ತಿಂಗಳ ಒಣ ದಿನದಲ್ಲೇ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ, ಜೊತೆಗೆ ತೇವ ಹೀರುವ ಸಿಲಿಕಾ ಜೆಲ್ ಇಡಿ. ತೇವ ಹಿಡಿದ ಮೇಲೆ ಮುಚ್ಚಿಟ್ಟರೆ ತೇವವನ್ನೇ ಕಾಪಾಡಿದ ಹಾಗೆ.

ಇಷ್ಟಾದರೂ ಮೀಟರ್ 80ರ ಮೇಲೇ ನಿಂತಿದ್ದರೆ ಗಾಳಿಯ ತೇವ ತೆಗೆಯುವ ಮೆಷಿನ್, ಡಿಹ್ಯುಮಿಡಿಫೈಯರ್ ಬೇಕಾಗುತ್ತದೆ. ದುಬಾರಿ, ಕರೆಂಟೂ ಬೇಕು, ಆದರೆ ಮಕ್ಕಳಿಗೆ ಅಥವಾ ಹಿರಿಯರಿಗೆ ಉಬ್ಬಸ ಇರುವ ಮನೆಯಲ್ಲಿ ಈ ಖರ್ಚಿಗೆ ಹಿಂದೆಮುಂದೆ ನೋಡಬೇಡಿ. ಒಂದೇ ಕೋಣೆಗೆ ಹಾಕಿ, ಬಾಗಿಲು ಕಿಟಕಿ ಮುಚ್ಚಿ ಓಡಿಸಿ. ತೆರೆದಿಟ್ಟರೆ ಊರಿನ ಮಳೆಗಾಳಿಯನ್ನೆಲ್ಲ ಅದೊಂದೇ ಒಣಗಿಸಬೇಕಾಗುತ್ತದೆ. ಎಸಿ ಇದ್ದರೆ ಅದರ ಡ್ರೈ ಮೋಡ್ ಕೂಡ ಆಗುತ್ತದೆ.

ಆಗಲೇ ಬಂದಿರುವ ಬೂಷ್ಟನ್ನು ಒಣಗಿದ್ದಾಗ ಬ್ರಷ್ಷಿನಿಂದ ಉಜ್ಜಬೇಡಿ, ಪುಡಿ ಮನೆಯೆಲ್ಲ ಹಾರುತ್ತದೆ. ಮಾಸ್ಕ್ ಹಾಕಿಕೊಂಡು, ಸೋಪಿನ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ಫ್ಯಾನ್ ಹಾಕಿ ಪೂರ್ತಿ ಒಣಗಿಸಿ. ಬ್ಲೀಚನ್ನು ವಿನೆಗರ್ ಅಥವಾ ಟಾಯ್ಲೆಟ್ ತೊಳೆಯುವ ಆ್ಯಸಿಡ್ ಜೊತೆ ಯಾವತ್ತೂ ಸೇರಿಸಬೇಡಿ, ಕ್ಲೋರಿನ್ ಅನಿಲ ಬರುತ್ತದೆ, ಜೀವಕ್ಕೇ ಅಪಾಯ.

ಒರೆಸಿದ ಜಾಗದಲ್ಲೇ ಮತ್ತೆ ಮತ್ತೆ ಬರುತ್ತಿದ್ದರೆ ಗೋಡೆಯನ್ನು ಅನುಮಾನಿಸಿ. ಅಂಗೈಯಗಲದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಒತ್ತಿ, ನಾಲ್ಕೂ ಅಂಚಿಗೆ ಟೇಪ್ ಹಚ್ಚಿ, ಎರಡು ದಿನ ಬಿಟ್ಟು ನೋಡಿ. ಹಾಳೆಯ ಹೊರಮೈ ಒದ್ದೆಯಾದರೆ ಅದು ಕೋಣೆಯ ಗಾಳಿಯ ತೇವ, ಮೇಲೆ ಹೇಳಿದ ಉಪಾಯಗಳು ಸಾಕು. ಒಳಮೈಯಲ್ಲಿ ಹನಿ ಕಂಡರೆ ನೀರು ಗೋಡೆಯೊಳಗಿಂದಲೇ ಬರುತ್ತಿದೆ: ಪೈಪು, ಮಾಡಿನ ಸೋರಿಕೆ, ಇಲ್ಲವೇ ಬುನಾದಿಯಿಂದ ಏರುವ ತೇವ. ಅದಕ್ಕೆ ಯಾವ ಮೆಷಿನ್ನೂ ಸಾಲದು, ಬೂಷ್ಟು ತಡೆಯುವ ಪೇಂಟೂ ನಿಲ್ಲುವುದಿಲ್ಲ. ಸೋರಿಕೆಯ ಜಾಗಕ್ಕೆ ಈಗಲೇ ಗುರುತು ಹಾಕಿ ಫೋಟೋ ತೆಗೆದಿಟ್ಟುಕೊಳ್ಳಿ, ಫೆಬ್ರವರಿಯಲ್ಲಿ ಗೋಡೆ ಒಣಗಿದಾಗ ಮೇಸ್ತ್ರಿಗೆ ತೋರಿಸುವುದಕ್ಕೆ ಬೇಕಾಗುತ್ತದೆ.