ಸುಮಿ ತೇಯುವುದು ಗಂಧ ತೇಯ್ದ ಹಾಗಲ್ಲ

ಮೈಸೂರಿನ ನಮ್ಮ ಮನೆಯಲ್ಲಿ ಪೂಜೆಗೆ ಗಂಧ ತೇಯುವ ಕೆಲಸ ಚಿಕ್ಕಂದಿನಿಂದ ನನ್ನದೇ. ಆ ಜಂಬದಲ್ಲಿ ಜಪಾನೀ ಬರಹದ ಮಸಿಯನ್ನೂ ಮೊದಲ ದಿನ ಗಂಧದ ಕೊರಡಿನ ಹಾಗೆ ಒತ್ತಿ ಒತ್ತಿ ತೇಯ್ದೆ. ಐದೇ ನಿಮಿಷಕ್ಕೆ ಕಪ್ಪಗೇನೋ ಆಯಿತು, ಆದರೆ ಗೆರೆ ಎಳೆದರೆ ಕಾಗದದ ಮೇಲೆ ರವೆ ಚೆಲ್ಲಿದ ಹಾಗಿತ್ತು!

ಮಸಿ ಕಡ್ಡಿಗೆ ಸುಮಿ ಅಂತಾರೆ, ತೇಯುವ ಕಲ್ಲಿಗೆ ಸುಜುರಿ. ಎಣ್ಣೆ ದೀಪದ ಅಥವಾ ಪೈನ್ ಮರದ ಹೊಗೆಯ ಕಪ್ಪನ್ನು ಪ್ರಾಣಿಗಳಿಂದ ತೆಗೆದ ಅಂಟಿನಲ್ಲಿ ಕಲಸಿ, ಅಚ್ಚಿಗೆ ಹಾಕಿ ಒಣಗಿಸಿದ್ದೇ ಸುಮಿ. ಕಲ್ಲಿನಲ್ಲಿ ಒಂದು ಕಡೆ ಸಮತಟ್ಟು, ಇನ್ನೊಂದು ಕಡೆ ಗುಳಿ. ಗುಳಿಯ ಹೆಸರು ಉಮಿ. ನಮ್ಮ ಭತ್ತದ ಉಮಿ ಅಲ್ಲ, ಅವರ ಭಾಷೆಯಲ್ಲಿ ಸಮುದ್ರ ಅಂತ.

ಸಮತಟ್ಟಿನ ಮೇಲೆ ಕಾಲು ಚಮಚ ತಣ್ಣೀರು ಬಿಡಿ. ಬೋರ್‌ವೆಲ್ ನೀರು ಬೇಡ, ಫಿಲ್ಟರ್ ನೀರು ಸಾಕು. ಕಡ್ಡಿಯನ್ನು ನೆಟ್ಟಗೆ ಹಿಡಿದು, ಅದರ ಭಾರವಷ್ಟೇ ಕಲ್ಲಿನ ಮೇಲೆ ಬೀಳುವ ಹಾಗೆ ನಿಧಾನಕ್ಕೆ ಸುತ್ತಿಸಿ. ಮೊದಲು ಸರ್ ಸರ್ ಅಂತ ಸದ್ದು ಬರುತ್ತದೆ, ಆಮೇಲೆ ಅದು ಅಡಗಿ ಕೈಗೆ ಸ್ವಲ್ಪ ಅಂಟಂಟು ಗೊತ್ತಾಗುತ್ತದೆ. ಪಚ್ಚಕರ್ಪೂರದಂಥ ತಣ್ಣನೆ ವಾಸನೆ ಬಂದರೆ ಗಾಬರಿ ಬೇಡ, ಅಂಟಿನ ವಾಸನೆ ಮುಚ್ಚಲು ಮಾಡುವವರೇ ಬೆರೆಸಿರುತ್ತಾರೆ. ನನಗಂತೂ ಬರೆಯುವುದಕ್ಕಿಂತ ಈ ಹೊತ್ತೇ ಇಷ್ಟ. ಕೆಲಸ ಮುಗಿಸಿ ಬಂದಾಗ ತಲೆಯಲ್ಲಿ ನಾಲ್ಕು ಜಗಳ ಓಡುತ್ತಿದ್ದರೂ, ಕೈ ಸುತ್ತು ಹಾಕುತ್ತಾ ಹೋದ ಹಾಗೆ ಉಸಿರೂ ತಾನಾಗಿ ಅದೇ ಲಯಕ್ಕೆ ಇಳಿಯುತ್ತದೆ, ಎಷ್ಟು ಸುತ್ತಾಯಿತು ಅಂತ ಲೆಕ್ಕವೂ ತಪ್ಪಿಹೋಗುತ್ತದೆ. ಫೋನ್ ಮಾತ್ರ ಪಕ್ಕದ ಕೋಣೆಯಲ್ಲಿರಲಿ.

ಕಡ್ಡಿ ಹೋದ ದಾರಿ ತಕ್ಷಣ ಮುಚ್ಚಿಕೊಳ್ಳದೆ ಒಂದು ಗಳಿಗೆ ಹಾಗೇ ಕಂಡರೆ ಮಸಿ ಗಟ್ಟಿಯಾಯಿತು ಅಂತ. ಅದನ್ನು ಉಮಿಗೆ ತಳ್ಳಿ, ಮತ್ತೆ ನಾಲ್ಕು ಹನಿ ನೀರು ಹಾಕಿ ತೇಯಿರಿ. ಹತ್ತು ಹದಿನೈದು ನಿಮಿಷ ಬೇಕೇ ಬೇಕು. ಜಾಸ್ತಿಯಾದರೂ ಪರವಾಗಿಲ್ಲ, ತೆಳು ಮಾಡಲು ನೀರಿದೆಯಲ್ಲ.

ಕಡ್ಡಿಯನ್ನು ಸುಮ್ನೆ ಕಲ್ಲಿನ ಮೇಲೆ ಬಿಟ್ಟು ಕಾಫಿಗೆ ಎದ್ದು ಹೋಗಬೇಡಿ, ಕಚ್ಚಿಕೊಂಡುಬಿಡುತ್ತದೆ. ಒರೆಸಿ ನೆರಳಲ್ಲಿಡಿ, ಬಿಸಿಲಿಗೆ ಬಿರುಕು ಬಿಡುತ್ತದೆ. ಉಳಿದ ಮಸಿ ನಾಳೆಗೆ ಬೇಡ, ಅಂಟು ಕೊಳೆತು ನಾರುತ್ತದೆ. ಸುಮಿಗೆ ಹೆಸರಾದ ಜಪಾನಿನ ನಾರಾದಲ್ಲಿ ಅದನ್ನು ಚಳಿಗಾಲದಲ್ಲಿ ಮಾಡುವುದೂ ಇದೇ ಕಾರಣಕ್ಕೆ. ಹಾಗಿರುವಾಗ ನಮ್ಮ ಏಪ್ರಿಲ್ ಬಿಸಿಲಲ್ಲಿ ಕೇಳಬೇಕಾ?

ಕಲ್ಲನ್ನು ಸೋಪಿಲ್ಲದೆ ಬರೀ ನೀರಲ್ಲಿ ತೊಳೆಯಿರಿ. ಒರೆಸಲು ಹಳೇ ಪಂಚೆಯ ತುಂಡು ಇರಲಿ. ಒಳ್ಳೇ ಟವೆಲ್ಲಿಗೆ ತಾಗಿದರೆ ಕಲೆ ಹೋಗುವುದಿಲ್ಲ, ಅಮ್ಮನ ಹತ್ತಿರ ಬೈಸಿಕೊಂಡೇ ಹೇಳುತ್ತಿದ್ದೇನೆ.